ಐವತ್ಮೂರು ಗೆರೆ

"ಹತ್ತೇ ಹತ್ತು ಉತ್ತರ ಕಣೇ. ಒಂದು ಚೀಟೀಲಿ ಗೀಚಿ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

ದೊಡ್ಡಮ್ಮ ಹೀಗೆ ಕೇಳಿದಾಗಲೂ ಅವಳು ಸಾಣೆಕಲ್ಲನ್ನು ನಿಲ್ಲಿಸಲಿಲ್ಲ. ಬೆರಳ ತುದಿಯಲ್ಲಿ ಅದುಮಿ ಹಿಡಿದಿದ್ದ ಹಲ್ಲಿನ ಸೀಳು ಇನ್ನೇನು ಕಾಗದದಷ್ಟು ತೆಳ್ಳಗಾಗುವುದರಲ್ಲಿತ್ತು. ಒಂದು ಸುತ್ತು ಹೆಚ್ಚಾದರೆ ಪುಡಿ. ಎಂಟು ವರ್ಷದಿಂದ ಈ ದಂತವೈದ್ಯ ಕಾಲೇಜಿನಲ್ಲಿ ಅವಳ ಕೆಲಸ ಇದೇ. ಕಿತ್ತ ಹಲ್ಲುಗಳನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಗಾಜಿನ ಪಟ್ಟಿಗೆ ಅಂಟಿಸಿ, ಮೈಕ್ರೋಸ್ಕೋಪಿನಡಿ ಇಡುವುದು. ವಿದ್ಯಾರ್ಥಿಗಳು ಅವಳನ್ನು ಸಾಣೆಯಕ್ಕ ಅನ್ನುತ್ತಿದ್ದರು, ಎದುರಿಗೇ.

ದೊಡ್ಡಮ್ಮ ಪ್ರೊಫೆಸರರ ಕುರ್ಚಿಯಲ್ಲೇ ಕೂತಿದ್ದಳು. ಹಾಲಿನ ಫ್ಲಾಸ್ಕನ್ನು ಅವರ ಮೇಜಿನ ಮೇಲೆ ಕುಕ್ಕಿದ್ದಳು. ಹಾಲು ಮಗನಿಗೆ, ನಾಳೆ ಅವನ ಪರೀಕ್ಷೆ. ಸಾಲಾಗಿ ಹತ್ತು ಮೈಕ್ರೋಸ್ಕೋಪು, ಒಂದೊಂದರ ಮುಂದೆ ಎರಡೆರಡು ನಿಮಿಷ, ಕಂಡದ್ದನ್ನು ಬರೆಯಬೇಕು. ಎರಡು ಸಲ ಡುಮ್ಕಿ ಹೊಡೆದಿದ್ದ. ಮೂರನೆಯದಕ್ಕೆ ಕಾಲೇಜು ಮನೆಗೆ ಕಳಿಸುತ್ತಿತ್ತು. ಇಪ್ಪತ್ತೆರಡರ ಆ ಕುಲಪುತ್ರ ಬಾಗಿಲಿಗೆ ಒರಗಿ ಫೋನು ನೋಡುತ್ತಿದ್ದ.

"ನಿಮ್ಮಮ್ಮ ಆಸ್ಪತ್ರೇಲಿ ಬಿದ್ದಿದ್ದಾಗ ಹದಿನಾಲ್ಕು ತಿಂಗಳು ನಿನ್ನ ಸಾಕಿದ್ದು ಯಾರು? ಮೂರು ವರ್ಷದ ಕೂಸು. ದಿನಕ್ಕೆ ಎರಡು ಲೋಟ ಹಾಲು, ಕೆನೆ ಸಮೇತ. ನನ್ನ ಹೊಟ್ಟೇಲಿ ಹುಟ್ಟಿದವರಿಗೂ ಅಷ್ಟು ಕೊಡ್ಲಿಲ್ಲ."

ಈ ಹಾಲಿನ ಕಥೆಯನ್ನು ಅವಳು ನೆಂಟರೆದುರು ಕೇಳಿದ್ದಳು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರೆದುರು ಕೇಳಿದ್ದಳು. ಮೊದಲು ಒಂದೇ ಲೋಟವಿತ್ತು. ಅವಳಿಗೆ ಕೆಲಸ ಸಿಕ್ಕ ವರ್ಷ ಎರಡಾಯಿತು. ಕೆನೆ ಈಚಿನದು. ಅಮ್ಮ ಸಾಯುವವರೆಗೂ ಇದನ್ನು ನಂಬಿ, ಅಕ್ಕನ ಎದುರು ತಲೆಯೆತ್ತದೆ ಬದುಕಿದ್ದಳು. ಅವಳೂ ನಂಬಿದ್ದಳು, ಹೋದ ತಿಂಗಳವರೆಗೆ.

ಅವಳು ಕಲ್ಲು ನಿಲ್ಲಿಸಿದಳು. "ಚೀಟಿ ಕೊಡಲ್ಲ ದೊಡ್ಡಮ್ಮ. ಬೇಕಿದ್ರೆ ಪಾಠ ಹೇಳಿಕೊಡ್ತೀನಿ."

"ಪಾಠಕ್ಕೆ ಪ್ರೊಫೆಸರಿದಾರೆ. ನೀನು ಕಲ್ಲು ತಿರುಗಿಸೋಳು."

ಅವಳು ಖಾನೆಯಿಂದ ಒಂದು ಗಾಜಿನ ಪಟ್ಟಿ ತೆಗೆದು ಮೈಕ್ರೋಸ್ಕೋಪಿಗೆ ಸಿಕ್ಕಿಸಿದಳು. "ಬಾರೋ ಇಲ್ಲಿ. ಏನು ಕಾಣುತ್ತೆ?"

"ಗೆರೆ."

"ಗೆರೆ ಕತ್ತೆಗೂ ಕಾಣುತ್ತೆ. ಎಂಥಾ ಗೆರೆ?"

ಅವನಿಗೆ ಗೊತ್ತಿರಲಿಲ್ಲ. ಮೂರು ವರ್ಷ ಶುಲ್ಕ ಕಟ್ಟಿ ಕೂತವನಿಗೆ ಅವಳು ಒಸಡಿನೊಳಗಿನ ಕೂಲಿಕಾರರ ಕಥೆ ಹೇಳಬೇಕಾಯಿತು. ಹಲ್ಲಿನ ಮೇಲಿನ ಎನಾಮೆಲ್ಲನ್ನು ಕಟ್ಟುವ ಜೀವಕೋಶಗಳು ದಿನಕ್ಕಿಷ್ಟು ಎಂದು ನೂಲಿನಂಥ ಕಡ್ಡಿಗಳನ್ನು ನೇಯುತ್ತಾ ಹಿಂದೆ ಸರಿಯುತ್ತವೆ. ಸುಮಾರು ಎಂಟು ದಿನಕ್ಕೊಮ್ಮೆ ನಿಂತು ಒಂದು ತೆಳು ಗೆರೆ ಬಿಡುತ್ತವೆ. ಯಾವ ಗೆರೆ ಯಾವ ವಯಸ್ಸಿನದೆಂದು ಅದಿರುವ ಜಾಗವೇ ಹೇಳುತ್ತದೆ. ಮಗುವಿಗೆ ಕಷ್ಟವಾದ ವಾರ ಗೆರೆ ಕಪ್ಪಾಗುತ್ತದೆ. ಜ್ವರ ಬಂದು ಹೋದರೆ ಒಂದು ಕಪ್ಪು ಗೆರೆ, ಅಲ್ಲಿಗೆ ಮುಗಿಯಿತು. ಹಲ್ಲು ಒಸಡು ಸೀಳಿ ಹೊರಬರುವ ಹೊತ್ತಿಗೆ ನೇಯ್ದವೆಲ್ಲ ಸತ್ತಿರುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮುಚ್ಚುತ್ತದೆ. ಎನಾಮೆಲ್ಲಿಗೆ ಆ ದೊಡ್ಡ ಮನಸ್ಸಿಲ್ಲ.

"ಕಪ್ಪು ಗೆರೆ ಎಣಿಸು."

ಅವನು ಎಣಿಸಿದ. ಬಹುಶಃ ಹುಟ್ಟಿದಾಗಿನಿಂದ ಮೊದಲ ಸಲ ಒಂದು ಕೆಲಸವನ್ನು ಕೊನೆ ಮುಟ್ಟಿಸಿದ. "ಐವತ್ಮೂರು. ಅಂದ್ರೆ ವರ್ಷದ ಮೇಲೆ. ಮೂರನೇ ವರ್ಷದ ಹತ್ರ ಶುರು. ಆಮೇಲೆ ಇದ್ದಕ್ಕಿದ್ದ ಹಾಗೆ ಪೂರಾ ತಿಳಿ." ತಲೆಯೆತ್ತಿದ. "ಇದು ಜ್ವರ ಅಲ್ಲ ಅಲ್ವಾ ಅಕ್ಕ? ಒಂದು ವರ್ಷ ಹೊಟ್ಟೆಗೆ ಸರಿಯಾಗಿ ಬಿದ್ದಿಲ್ಲ. ಆಮೇಲೆ ಬೇರೆ ಯಾರೋ ನೋಡ್ಕೊಂಡಿದಾರೆ."

ದೊಡ್ಡಮ್ಮ ಲೊಚಗುಟ್ಟಿದಳು. "ಅಯ್ಯೋ ಪಾಪ. ಯಾವ ಮನೆಹಾಳರೋ. ಅಷ್ಟು ಚಿಕ್ಕ ಮಗೂನ ಉಪವಾಸ ಕೆಡವಿದಾರಲ್ಲ, ಕರುಳಿಲ್ಲದೋರು. ಯಾರ ಹಲ್ಲೇ ಅದು?"

ಅವಳು ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ದೊಡ್ಡಮ್ಮನೇ ಕಲಿಸಿದ್ದು, ಈಗ ಹಿಡಿಯಲಿಲ್ಲ. ಎಡಗಡೆ ಕೋರೆಹಲ್ಲಿನ ಪಕ್ಕ ಒಂದು ಹಲ್ಲಿನಷ್ಟು ಕಪ್ಪು ಸಂದಿ ಕಂಡಿತು. ನಾಲ್ಕು ವರ್ಷದ ಹಿಂದೆ ಇಲ್ಲಿಯ ವಿದ್ಯಾರ್ಥಿಯೊಬ್ಬ ಕೀಳಲು ಕಲಿತ ಹಲ್ಲು. ಹೋದ ತಿಂಗಳಷ್ಟೇ ಅವಳು ಅದನ್ನು ಉಜ್ಜಿ ನೋಡಿದ್ದಳು.

"ನಂದು," ಎಂದಳು.

ಮಗ ಮೈಕ್ರೋಸ್ಕೋಪಿನಿಂದ ಕೈ ತೆಗೆದ. ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿದ್ದರೂ ಇನ್ನಷ್ಟು ತಿರುಗಿಸಿದಳು.

"ಆಗ ನಿಂಗೆ ಜ್ವರ ಬಂದಿತ್ತು."

"ಹದಿನಾಲ್ಕು ತಿಂಗಳಾ?"

"ಬಂದಿತ್ತು ಅಂದ್ನಲ್ಲ. ಸಾಕಿದವಳು ನಾನೋ, ನೀನೋ?" ಎದ್ದು ಫ್ಲಾಸ್ಕನ್ನು ಕಂಕುಳಿಗೆ ಸೇರಿಸಿದಳು. "ಹಲ್ಲು ಸಾಕ್ಷಿ ಹೇಳುತ್ತಂತೆ ಹಲ್ಲು. ನಡೆಯೋ."

ಅವರು ಹೋದ ಮೇಲೆ ಅವಳು ನಾಳಿನ ಹತ್ತು ಪಟ್ಟಿಗಳನ್ನು ಜೋಡಿಸಿದಳು. ಏಳನೆಯದು ಪ್ರತಿವರ್ಷ ಅದೇ: ಪ್ರೊಫೆಸರರು ತಮ್ಮ ಯೌವನದಲ್ಲಿ ಉಜ್ಜಿದ, ಒಂದೇ ಕಪ್ಪು ಗೆರೆಯ ಹಲ್ಲು. ಪ್ರಶ್ನೆಯೂ ಅದೇ, 'ಗೆರೆಗೆ ಕಾರಣವೇನು?' ಅವಳು ಅದನ್ನು ತೆಗೆದು ತನ್ನ ಹಲ್ಲನ್ನಿಟ್ಟಳು. ಅವನು ಬರೆಯಲಿ. ಆ ಹೆಂಗಸಿನ ಮಗನ ಕೈಯಲ್ಲೇ, ಶಾಯಿಯಲ್ಲಿ, ಒಂದು ಸಲ ಬರೆಯಲಿ.

ಮರುದಿನ ಏಳನೆಯ ಮೈಕ್ರೋಸ್ಕೋಪಿಗೆ ಬಗ್ಗಿದವನು ತಕ್ಷಣ ಸೆಟೆದು ನಿಂತ. ಕೋಣೆಯ ಆ ತುದಿಯಲ್ಲಿದ್ದ ಅವಳನ್ನು ನೋಡಿದ. ಮತ್ತೆ ಬಗ್ಗಲಿಲ್ಲ. ಬರೆದ, ಎರಡು ನಿಮಿಷದ ಗಂಟೆ ಹೊಡೆಯುವ ಮೊದಲೇ ಪೆನ್ನು ಜೇಬಿಗಿಟ್ಟ.

ಉತ್ತರ ಪತ್ರಿಕೆಗಳನ್ನು ಒಟ್ಟುಮಾಡಿ ಪ್ರೊಫೆಸರರ ಮೇಜಿಗೆ ಒಯ್ಯುವಾಗ ಅವನದು ಮೇಲೆಯೇ ಇತ್ತು. ಏಳರ ಮುಂದೆ, ದುಂಡಗೆ, ಒಂದೇ ಮಾತು: ಜ್ವರ.

ಪ್ರೊಫೆಸರರು ಒಂದು ಕೈಯಲ್ಲಿ ಟೀ ಕಪ್ಪು ಹಿಡಿದು, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು ಓಡಿಸಿದರು. ಉತ್ತರಗಳ ಹಳದಿ ಹಾಳೆ ಪಕ್ಕದಲ್ಲಿತ್ತು. ಮಡಿಕೆಗಳಲ್ಲಿ ಹರಿದು, ಅಂಟುಪಟ್ಟಿ ಹಾಕಿಸಿಕೊಂಡು ಬದುಕಿದ್ದ ಹಾಳೆ. "ಜ್ವರ, ಸರಿ. ನಿಮ್ಮ ತಮ್ಮ ಅಲ್ವೇನಮ್ಮ ಇವನು? ಐದು ಅಂಕ. ಅಂತೂ ದಡ ಸೇರಿದ." ಮುಂದಿನ ಪತ್ರಿಕೆ ಕೊನೆಯ ಬೆಂಚಿನ ಮೂಗಿ ಎಂದು ಹೆಸರಾದ ಹುಡುಗಿಯದು. ಆ ಹುಡುಗಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದಳು: ಬಹಳ ಕಾಲದ ಹಸಿವು, ವರ್ಷಕ್ಕೂ ಮಿಕ್ಕು. ಪ್ರೊಫೆಸರರು ಅದಕ್ಕೆ ಅಡ್ಡಗೆರೆ ಎಳೆದರು. "ಕಾದಂಬರಿ ಬರೀತಾರೆ."

"ಸರ್, ಒಂದ್ಸಲ ನೀವೇ ನೋಡಿಬಿಡಿ."

"ಮೂವತ್ತು ವರ್ಷದಿಂದ ನೋಡ್ತಿದೀನಿ ಕಣಮ್ಮ." ಕೂತಲ್ಲಿಂದ ಏಳಲಿಲ್ಲ. "ಅದಿರಲಿ, ಮೇಜಿನ ಮೇಲೆ ಇದೇನು ಅಂಟಂಟು?"

ಫ್ಲಾಸ್ಕು ಇಟ್ಟಿದ್ದಲ್ಲಿ ಹಾಲಿನದೊಂದು ಬಿಳಿ ಬಳೆ ಒಣಗಿ ನಿಂತಿತ್ತು. ಅವಳು ನಲ್ಲಿಯಡಿ ಬಟ್ಟೆ ಹಿಂಡಿಕೊಂಡು ಬಂದಳು. ಒಂದು ಸಲ ಒರೆಸಿದ್ದಕ್ಕೇ ಪೂರ್ತಿ ಹೋಯಿತು.