ಹದಿನಾಲ್ಕು ಸಾಧು ಹಾವುಗಳು

ತೋಟದ ಮನೆಯನ್ನು ಕೊಳ್ಳುವ ದಿನ ನನ್ನ ಹೆಂಡತಿ ಹಾಕಿದ್ದು ಒಂದೇ ಷರತ್ತು. "ವಿಷದ ಹಾವು ಒಂದು ಕಂಡರೂ ಸಾಕು, ಅವತ್ತೇ ವಾಪಸ್ ಪೇಟೆಗೆ. ತಂಗಿ ಮನೆ ಮಹಡಿ ಖಾಲಿ ಇದೆ."

ನಾನು ಒಪ್ಪಿದೆ. ಮೂವತ್ತೊಂದು ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವನಿಗೆ ಒಂದು ಕೋಳಿಗೂಡು, ನಾಲ್ಕು ಬದನೆ ಪಾತಿ, ಮರದ ಕೆಳಗೊಂದು ಕುರ್ಚಿ ಸಿಗುವುದಾದರೆ ಎಂಥ ಷರತ್ತಿಗೂ ತಲೆಯಾಡಿಸಬಹುದು. ಅದರಲ್ಲೂ ಹಾವು ವಿಷದ್ದೋ ಅಲ್ಲವೋ ಎಂದು ತೀರ್ಪು ಕೊಡಬೇಕಾದವನು ನಾನೇ ಆಗಿರುವಾಗ. ಮನೆಯಲ್ಲಿ ಪ್ರಾಣಿಶಾಸ್ತ್ರ ಓದಿದವರು ಬೇರೆ ಯಾರೂ ಇರಲಿಲ್ಲ.

ಎಂಟು ತಿಂಗಳಲ್ಲಿ ಹದಿನಾಲ್ಕು ಹಾವು ಬಂದವು. ಹದಿನಾಲ್ಕೂ ಸಾಧು. ಇಷ್ಟೊಂದು ಸಜ್ಜನರು ಒಂದೇ ಅಂಗಳದಲ್ಲಿ ಸೇರುವುದು ಮನುಷ್ಯರಲ್ಲೂ ಅಪರೂಪ.

ಹಾವು ಕಂಡರೆ ಏನು ಮಾಡಬೇಕೆಂದು ನಾನು ಒಂದು ಕ್ರಮವನ್ನೇ ರೂಪಿಸಿದ್ದೆ. ಚೀರಬಾರದು, ಓಡಬಾರದು. ಪ್ಲಾಸ್ಟಿಕ್ ಟಬ್ಬನ್ನು ಅದರ ಮೇಲೆ ಬೋರಲು ಹಾಕಬೇಕು, ಟಬ್ಬಿನ ಮೇಲೊಂದು ಇಟ್ಟಿಗೆ ಇಡಬೇಕು, ಸಮಯ ನೋಡಿಕೊಂಡು ನನ್ನನ್ನು ಕರೆಯಬೇಕು. ನಾನು ಬಂದು ಟಬ್ಬಿನ ಅಂಚನ್ನು ಎರಡು ಬೆರಳಗಲ ಎತ್ತಿ, ಟಾರ್ಚ್ ಬಿಟ್ಟು ನೋಡಿ, ಹೆಸರು ಹೇಳಿ, ಪುಸ್ತಕದಲ್ಲಿ ಬರೆದು, ಕೋಲಿನಿಂದ ಎತ್ತಿ ಬೇಲಿಯಾಚೆ ಬಿಡುತ್ತಿದ್ದೆ. ಕೇರೆ, ಹಸಿರುಹಾವು, ಮಣ್ಣುಮುಕ್ಕ, ತೋಳಹಾವು. ಈ ತೋಳಹಾವು ನೋಡಲು ಥೇಟ್ ವಿಷದ ಕಟ್ಟುಹಾವಿನ ಹಾಗೆ, ಆದರೆ ನಿರುಪದ್ರವಿ. ಪಟ್ಟೆಗಳು ಕುತ್ತಿಗೆಯಿಂದಲೇ ಶುರುವಾಗಿವೆಯೋ ಸ್ವಲ್ಪ ಹಿಂದಿನಿಂದಲೋ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೂರು ತೋಳಹಾವುಗಳಲ್ಲಿ ಒಂದನ್ನು ನಾನು ಅಷ್ಟು ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡಬಹುದು ಎಂಬ ಭಯವಿತ್ತು.

ನನ್ನ ಪಾಠವನ್ನು ಶ್ರದ್ಧೆಯಿಂದ ಕೇಳುತ್ತಿದ್ದವರು ಒಬ್ಬರೇ, ಎಪ್ಪತ್ತನಾಲ್ಕು ವರ್ಷದ ನನ್ನ ಅತ್ತೆ. ಮೂರನೆಯ ತಿಂಗಳಲ್ಲಿ ಬಂದ ಮಣ್ಣುಮುಕ್ಕವನ್ನು ನಾನು ಬರಿಗೈಯಲ್ಲಿ ಹಿಡಿದು ತೋರಿಸಿದಾಗ ಅವರೂ ಹಿಡಿದು ಫೋಟೋ ತೆಗೆಸಿಕೊಂಡರು. ಆ ಫೋಟೋ ನೋಡದ ನೆಂಟರಿಲ್ಲ.

ಹದಿನೈದನೆಯದು ಒಂದು ಮಂಗಳವಾರ ಬಂತು.

"ಅಳಿಯಂದಿರೇ, ಸ್ವಲ್ಪ ಬನ್ನಿ," ಅತ್ತೆ ಕೋಳಿಗೂಡಿನ ಪಕ್ಕದ ಕೊಠಡಿಯಿಂದ ಕರೆದರು. "ಕಾಳಿನ ಮೂಟೆ ಹಿಂದೆ ಒಂದಿತ್ತು. ಮುಚ್ಚಿಟ್ಟಿದೀನಿ. ಹತ್ತೂ ಇಪ್ಪತ್ತು."

ಹೆಂಡತಿಯೂ ಒದ್ದೆ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು. ನಾನು ಅಂಚು ಎತ್ತಿದೆ. ಬೆನ್ನ ಮೇಲೆ ಉದ್ದಕ್ಕೂ ಮೂರು ಸಾಲು ಕಂದು ಮಚ್ಚೆ, ಅಚ್ಚೊತ್ತಿದಂತೆ ಸ್ಪಷ್ಟ. ತ್ರಿಕೋನದ ತಲೆ. ಆಮೇಲೆ ಕುಕ್ಕರ್ ಸೀಟಿ ಹಾಕುವ ಮುಂಚಿನಂಥ ಶಬ್ದ, ನಿಲ್ಲದೆ. ಅನುಮಾನಕ್ಕೆ ಜಾಗವನ್ನೇ ಬಿಡದಂಥ ಪ್ರಾಮಾಣಿಕ ಹಾವು.

"ಏನ್ರೀ ಅದು ಶಬ್ದ?"

"ಹೆದರಿಕೊಂಡಿದೆ, ಪಾಪ."

"ಯಾವುದು?"

ಬಾಗಿಲಾಚೆ ನನ್ನ ಕುರ್ಚಿ ಕಾಣುತ್ತಿತ್ತು. ಬದನೆ ಆಗತಾನೆ ಹೂ ಬಿಟ್ಟಿತ್ತು.

"ಮಣ್ಣುಮುಕ್ಕ," ಎಂದೆ.

"ಹೋದ ಸಲದ್ದು ಹೀಗೆ ಬುಸುಗುಟ್ಟಲಿಲ್ಲ."

"ಇದು ಸ್ವಲ್ಪ ಮುಂಗೋಪಿ."

"ಹಾವಲ್ಲೂ ನಿಮ್ಮ ಮನೆ ಕಡೆಯವರಿದಾರೆ ಅನ್ನಿ," ಎಂದಳು ಹೆಂಡತಿ.

ನಾನು ನಕ್ಕು, ಪುಸ್ತಕ ತೆರೆದು, ತಾರೀಕು ಬರೆಯತೊಡಗಿದೆ. ಇವರಿಬ್ಬರೂ ಒಳಗೆ ಹೋದ ಮೇಲೆ ಉದ್ದದ ಕೋಲು ತಂದು ಹೇಗಾದರೂ ಸಾಗಿಸುವುದು ಎಂದು ಲೆಕ್ಕ ಹಾಕಿದ್ದೆ. ತಲೆಯೆತ್ತಿದರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಟ್ಟಿಗೆಯನ್ನು ಪಕ್ಕಕ್ಕಿಟ್ಟಾಗಿತ್ತು.

"ಮಣ್ಣುಮುಕ್ಕ ಆದ್ರೆ ನಾನೇ ಬಿಟ್ಟು ಬರ್ತೀನಿ. ಕೋಲಲ್ಲಿ ಎತ್ತಿದ್ರೆ ಅದಕ್ಕೆ ನೋವಾಗುತ್ತೆ ಅಂದಿದ್ರಲ್ಲ ನೀವು. ಮೆಲ್ಲಗೆ ಹೊಟ್ಟೆ ಕೆಳಗೆ ಕೈ ಕೊಡಬೇಕು, ಅಲ್ವಾ?"

ಎಡಗೈಯಲ್ಲಿ ಅವರು ಟಬ್ಬಿನ ಅಂಚನ್ನು ಎತ್ತಿದ್ದರು. ಬಲಗೈ ಕೆಳಗಿಳಿಯುತ್ತಿತ್ತು. ನನ್ನ ಶಿಷ್ಯೆ ಒಂದಕ್ಷರವನ್ನೂ ಮರೆತಿರಲಿಲ್ಲ.

"ಅತ್ತೆ, ಕೈ ತೆಗೀರಿ. ಅದು ಕೊಳಕುಮಂಡಲ."

ಟಬ್ ದೊಪ್ಪನೆ ಬಿತ್ತು. ನಾನು ಹಾರಿ ಅದರ ಮೇಲೆ ಕೂತುಬಿಟ್ಟೆ. ಇದನ್ನು ಯಾವ ಪಠ್ಯಪುಸ್ತಕದಲ್ಲೂ ಹೇಳಿಲ್ಲ.

ಹೆಂಡತಿ ತಾಯಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗೀರೂ ಇರಲಿಲ್ಲ. ಆಮೇಲೆ ನನ್ನತ್ತ ತಿರುಗಿದಳು.

"ಯಾವಾಗ ಗೊತ್ತಾಯ್ತು?"

"ಈಗ."

"ಸರಿಯಾಗಿ ಹೇಳಿ."

"ಮೊದಲು ನೋಡಿದಾಗಲೇ."

"ಮಿಕ್ಕ ಹದಿನಾಲ್ಕು?"

"ಹದಿಮೂರು ಗ್ಯಾರಂಟಿ," ಎಂದೆ, ಟಬ್ಬಿನ ಮೇಲೆ ಕೂತೇ.

ಹಾವು ಹಿಡಿಯಲು ಬಂದವನು ನಮ್ಮ ಕಡೆಯ ಲೈನ್‌ಮನ್. ಕಂಬ ಹತ್ತುವುದು ಉದ್ಯೋಗ, ಹಾವು ಹಿಡಿಯುವುದು ಹವ್ಯಾಸ. ಕೊಕ್ಕೆಯಿಂದ ಹಾವನ್ನು ಪೈಪಿನೊಳಗೆ ಹೊಗಿಸಿ, ಅಲ್ಲಿಂದ ಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ ಕೇಳಿದ: "ಹಾವು ಕಂಡ್ರೆ ದೂರ ನಿಲ್ಲಬೇಕು ಅಮ್ಮಾ. ಟಬ್ ಹಿಡ್ಕೊಂಡು ಹತ್ರ ಹೋಗಿ ಅಂತ ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದು?"

ಇಬ್ಬರು ಹೆಂಗಸರೂ ನನ್ನನ್ನು ನೋಡಿದರು. ನಾನು ಚೀಲವನ್ನು ನೋಡಿದೆ.

ಮಧ್ಯಾಹ್ನ ಹೆಂಡತಿ ಸೂಟ್‌ಕೇಸ್ ಇಳಿಸಿದಳು. ಅತ್ತೆ ಮೆಟ್ಟಿಲ ಮೇಲೆ ಕೂತವರು ಅಲ್ಲಾಡಲಿಲ್ಲ. "ನಾನು ಬರಲ್ಲ ಕಣೇ. ಹಾವಿಂದ ದೂರ ನಿಂತ್ರೆ ಆಯ್ತು, ಈಗ ಗೊತ್ತಾಯ್ತಲ್ಲ. ನಿನ್ನ ತಂಗಿ ಮಾತಿಂದ ಎಷ್ಟು ದೂರ ನಿಲ್ಲೋಕಾಗುತ್ತೆ? ಕೋಳಿ ಯಾರು ನೋಡ್ಕೋತಾರೆ?"

ಹೆಂಡತಿ ಸೂಟ್‌ಕೇಸಿನ ಮುಚ್ಚಳ ಮುಚ್ಚಿದಳು. "ನೀನು ಕೈ ಹಾಕ್ತೀಯ ಅಂತ ಆ ಹಾವಿಗೆ ಗೊತ್ತಿರಲಿಲ್ಲ, ಆದ್ರೂ ಅದು ಬುಸುಗುಟ್ಟಿ ತಾನು ವಿಷದ್ದು ಅಂತ ಹೇಳ್ತು. ಇವರು ಗೊತ್ತಿದ್ದೂ ಹೇಳಲಿಲ್ಲ. ಹೊರಡಬೇಕಾದವರು ಯಾರು, ನೀನೇ ಹೇಳಮ್ಮ."

"ಅಳಿಯಂದಿರು ನಾಲ್ಕು ದಿನ ಹೋಗಿಬರಲಿ," ಎಂದರು ಅತ್ತೆ, ಬಹಳ ಗೌರವದಿಂದ.

ಆ ನಾಲ್ಕು ದಿನಕ್ಕೆ ಈಗ ಇಪ್ಪತ್ಮೂರನೆಯ ದಿನ. ನಾದಿನಿಯ ಮನೆಯ ಮಹಡಿಯಲ್ಲಿ ಕಿಟಕಿಯಿದೆ, ಎದುರಿಗೆ ಇನ್ನೊಬ್ಬರ ಗೋಡೆಯಿದೆ. ಷಡ್ಡಕ ದಿನಾ ಸಂಜೆ ಹತ್ತಿಬಂದು, "ಇಲ್ಲಿ ನಿಮಗೆ ಹಾವಿನ ಕಾಟವಿಲ್ಲ ನೋಡಿ," ಎಂದು ಸಮಾಧಾನ ಹೇಳಿ, ತನ್ನ ಸೊಂಟ ನೋವಿನ ಕಥೆ ಶುರು ಮಾಡುತ್ತಾನೆ.

ಮನೆಯಿಂದ ಆಗಾಗ ಫೋಟೋ ಬರುತ್ತದೆ, ದೂರದಿಂದ ತೆಗೆದದ್ದು. ಕೆಳಗೆ ಒಂದೇ ಸಾಲು: "ಯಾವುದು? ಎಷ್ಟು ಖಚಿತ?" ಮೊದಲನೆಯದಕ್ಕೆ "ಕೇರೆ, ಪೂರ್ತಿ ಖಚಿತ" ಎಂದು ಬರೆದೆ. ಉತ್ತರವಿಲ್ಲ. ಎರಡನೆಯದೂ ಹಾಗೇ.

ನಿನ್ನೆಯದರಲ್ಲಿ ನೀರಿನ ಡ್ರಮ್ಮಿನ ನೆರಳಲ್ಲಿ ಗೇಣುದ್ದ ಕಂದು ಮೈ ಮಾತ್ರ ಕಾಣುತ್ತಿತ್ತು. ಅರ್ಧ ಗಂಟೆ ದೊಡ್ಡದು ಮಾಡಿ ನೋಡಿದೆ. ಸಾಧು ಎಂದರೆ ಕುರ್ಚಿ ಹತ್ತಿರವಾದೀತು ಎನಿಸಿತು. ವಿಷದ್ದು ಎಂದರೆ ಪ್ರಾಮಾಣಿಕನಂತೆ ಕಂಡೇನು ಎಂದೂ ಎನಿಸಿತು. ಕೊನೆಗೆ ಬರೆದೆ: "ಗೊತ್ತಾಗುತ್ತಿಲ್ಲ. ಹತ್ತಿರ ಹೋಗಬೇಡಿ, ಲೈನ್‌ಮನ್‌ನ ಕರೆಸಿ." ಓದಿದವನಾಗಿ ಇಷ್ಟು ಬರೆಯಲು ನಾಚಿಕೆಯಾಯಿತು.

ಹತ್ತೇ ನಿಮಿಷಕ್ಕೆ ಉತ್ತರ ಬಂತು.

"ಆಗಲೇ ಕರೆಸಿದೀವಿ. ಭಾನುವಾರದ ಬಸ್ಸಿಗೆ ಬನ್ನಿ. ಬರ್ತಾ ಅಮ್ಮನಿಗೆ ಉದ್ದನೆ ರಬ್ಬರ್ ಬೂಟು ತನ್ನಿ, ಐದನೇ ನಂಬರ್."