ಪಾಳು ಇಗರ್ಜಿಯ ಹಿಂದಿನ ಮಣ್ಣು

ಬೆಳಗಿನ ಗಿರಾಕಿಗಳು ಕರಗಿದ ಮೇಲೆ ಗುಣವತಿ ಹೋಟೆಲಿನ ಅಡುಗೆಮನೆಯಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ಅದು ಹೋಟೆಲಿನ ಕೆಲಸದ ಅರುಳ್‌ಮೇರಿ ಮಾಡುವಂಥದ್ದು; ಇವತ್ತು ಅವಳು ಬಂದಿರಲಿಲ್ಲ. ಚೆನ್ನೈನ ಪೆರುಂಗುಡಿಯಲ್ಲಿ ಆಗಷ್ಟೇ ಐಟಿ ಕಟ್ಟಡಗಳು ಏಳುತ್ತಿದ್ದವು. ಗುಣವತಿಯ ಗಂಡ ಮಧ್ವರಾಜ ಅಲ್ಲಿ ಹೋಟೆಲ್ ತೆರೆದಂದಿನಿಂದ ಅರುಳ್‌ಮೇರಿ ಕೆಲಸ ತಪ್ಪಿಸಿದ್ದೇ ಕಡಿಮೆ.

ಸ್ವಲ್ಪ ಹೊತ್ತಿಗೆ ಅರುಳ್‌ಮೇರಿ ಹಿಂಬಾಗಿಲಲ್ಲಿ ಬಂದು ನಿಂತಳು. ಈ ಅಡುಗೆಮನೆಯಲ್ಲೇ ಕಲಿತ ಕನ್ನಡದಲ್ಲಿ ಹೇಳಿದಳು: "ಅಮ್ಮ ತೀರಿಹೋದ್ರು ಅಕ್ಕ. ಅಪ್ಪನ ಪಕ್ಕದಲ್ಲೇ ಮಣ್ಣು ಮಾಡು ಅಂತ ಮಾತು ತಗೊಂಡಿದ್ರು. ಪೆಟ್ಟಿಗೆ ಹೊರ್ಲಿಕ್ಕೆ ನಾನು, ತಮ್ಮ, ಮಾವ ಇದ್ದೇವೆ. ನಾಲ್ಕನೇ ಹೆಗಲಿಗೆ ಯಾರೂ ಬರ್ತಿಲ್ಲ."

ಅವಳ ಅಪ್ಪನ ಗೋರಿ ಇದ್ದದ್ದು ಕೆರೆಯಾಚೆ, ಪಾಳುಬಿದ್ದ ಇಗರ್ಜಿಯ ಹಿಂದೆ. ಹಿಂದೊಮ್ಮೆ ಕಾಲರಾದಲ್ಲಿ ಸತ್ತವರನ್ನು ಪ್ರಾರ್ಥನೆಯಿಲ್ಲದೆ ಅಲ್ಲಿ ಹೂತಿದ್ದರಂತೆ. ಹೊಸ ಹೆಣ ಹೊತ್ತು ಹೋದವರ ಹಿಂದೆ ಆ ಸತ್ತವರಲ್ಲೊಬ್ಬರು ಮನೆಗೆ ಬರುತ್ತಾರೆ, ವರ್ಷದೊಳಗೆ ಒಂದು ಜೀವ ಒಯ್ಯುತ್ತಾರೆ ಎಂದು ಊರೆಲ್ಲ ನಂಬಿತ್ತು. ಅಲ್ಲಿನ ಕ್ರೈಸ್ತರೂ ತಮ್ಮವರನ್ನು ಬೇರೆಡೆ ಹೂಳುತ್ತಿದ್ದರು.

"ಹೋಗುದು ಬೇಡ ಅಕ್ಕ," ಎಂದ ಅಡುಗೆಯ ಭೋಜರಾಜ. "ಇವಳ ಅಪ್ಪನನ್ನು ಹೊತ್ತ ಆಟೋದವ ವರ್ಷದೊಳಗೆ ಸತ್ತದ್ದು ಸುಳ್ಳಾ?"

"ಅವ ಕುಡಿದು ಲಾರಿಗೆ ಗುದ್ದಿದ್ದು, ಭೋಜ," ಎಂದಳು ಗುಣವತಿ.

ಮಾತು ಕೇಳಿ ಮಧ್ವರಾಜ ಗಲ್ಲಾ ಬಿಟ್ಟು ಒಳಗೆ ಬಂದ. "ಗುಣಾ, ಒಂದು ಹಾರ ಕಳಿಸುವ. ನಮ್ಮವರ ಹೆಣಕ್ಕೇ ಹೆಂಗಸರು ಹೆಗಲು ಕೊಡುದಿಲ್ಲ. ಅದೂ ನಮಿತಾಳ ಮದುವೆ ಹತ್ತಿರ ಬಂತು. ಏನಾದ್ರೂ ಆದ್ರೆ? ಜನ ಎಂತ ಹೇಳಿಯಾರು?"

ಗುಣವತಿ ತೊಂಡೆಕಾಯಿಯ ತಟ್ಟೆಯನ್ನು ಬದಿಗೆ ಸರಿಸಿದಳು. ಮಗಳ ಹೆಸರು ಎದೆಗೆ ತಾಗಿತ್ತು.

"ಹೆದರಿಕೆ ನನಗೂ ಉಂಟು," ಎಂದಳು. "ಆದರೆ ನಮಿತಾಳಿಗೆ ಟೈಫಾಯಿಡ್ ಆದಾಗ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು ಕೂತದ್ದು ಇವಳು. ಇವಳು ನಮ್ಮವಳಾ ಅಂತ ಆಗ ನಾವು ಕೇಳ್ಲಿಲ್ಲ."

ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು ಹೊರಟಳು.

ಇಗರ್ಜಿಯ ಮಾಡು ಎಂದೋ ಕುಸಿದಿತ್ತು. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೆಳೆದಿತ್ತು. ಮುಳ್ಳುಪೊದೆಗಳ ನಡುವಿನ ದಾರಿಯಲ್ಲಿ ಗುಣವತಿ ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟು ನಡೆದಳು. ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ಅವಳಿಗೆ ಊರವರ ಮಾತು ನೆನಪಾಯಿತು; ಹೆಜ್ಜೆ ಮಾತ್ರ ನಿಲ್ಲಿಸಲಿಲ್ಲ.

ಬಂದವನು ಮಧ್ವರಾಜ. ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಇಲ್ಲಿ ಕೊಡು," ಎಂದು ಕೈ ಚಾಚಿದ.

"ನನಗೆ ಆಗ್ತದೆ. ನೀವು ಮೇರಿಯ ಬದಿ ಹಿಡೀರಿ," ಎಂದಳು ಗುಣವತಿ. "ಅವಳಿಗೆ ಅಳ್ಲಿಕ್ಕೂ ಪುರುಸೊತ್ತಾಗ್ಲಿಲ್ಲ."

ಮಧ್ವರಾಜ ಹೆಗಲು ಕೊಟ್ಟ. ಅರುಳ್‌ಮೇರಿ ಹಿಂದೆ ಸರಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಮ್ಮನ ಹಿಂದೆ ಅಳುತ್ತಾ ನಡೆದಳು.