ಬಿಯರ್ ಪೆಟ್ಟಿಗೆಯಲ್ಲಿ ಹೋದ ರಕ್ತ

ಕೀರನ್ ತೀರಿಕೊಂಡ ಮೇಲೆ ಅವನ ಪ್ರಯೋಗಾಲಯಕ್ಕೆ ನಾನು ಹೋಗಿರಲಿಲ್ಲ. ಬೀಚ್ ರೋಡಿನಲ್ಲಿ ಅವನ ಸೈಕಲ್ಲಿಗೆ ವ್ಯಾನು ಬಡಿದದ್ದು ಬೇಸಿಗೆಯಲ್ಲಿ. ಈಗ ಮೆಲ್ಬರ್ನಿನಲ್ಲಿ ಚಳಿ. ಪ್ರಯೋಗಾಲಯದ ಮುಖ್ಯಸ್ಥೆ ಫೋಟಿನಿ ಫೋನು ಮಾಡಿದರು.

"ಬಾ ಬ್ರಯನಿ. ನಿನ್ನ ಗಂಡನ ಸಂಶೋಧನಾ ಲೇಖನ ಸೋಮವಾರ ಪತ್ರಿಕೆಗೆ ಹೋಗ್ತಿದೆ. ಅವನ ಹೆಸರೇ ಮೊದಲು. ಕೇಕ್ ನೀನೇ ಕತ್ತರಿಸ್ಬೇಕು."

ಗರ್ಭಕೋಶದ ಒಳಪದರದಂಥದೇ ಪದರ ಹೊಟ್ಟೆಯಲ್ಲಿ ಬೇರೆಡೆ ಬೆಳೆದು ತಿಂಗಳು ತಿಂಗಳೂ ನೋಯಿಸುವ, ಕೆಲವರಿಗೆ ಮಕ್ಕಳೂ ಆಗದಂತೆ ಮಾಡುವ ರೋಗ ಎಂಡೊಮೆಟ್ರಿಯೋಸಿಸ್. ಹೊಟ್ಟೆಯೊಳಗೆ ಕ್ಯಾಮರಾ ಇಳಿಸದೆ ಖಚಿತವಾಗಿ ಹೇಳುವುದು ಕಷ್ಟ. ರಕ್ತದ ಪ್ರೋಟೀನುಗಳಿಂದಲೇ ಹೇಳಬಹುದೇ ಎಂದು ಕೀರನ್ ಹುಡುಕುತ್ತಿದ್ದ. ಅದಕ್ಕೆ ರೋಗಿಗಳ ರಕ್ತ ಬೇಕು. ಹೋಲಿಸಿ ನೋಡಲು ಆರೋಗ್ಯವಂತರದ್ದೂ ಬೇಕು. ಆರೋಗ್ಯವಂತರು ಯಾಕೆ ಬರುತ್ತಾರೆ? ಹಾಗಾಗಿ ಕೆಲಸದವರು, ಅವರ ಹೆಂಡತಿಯರು, ತಂಗಿಯರು ಒಂದೊಂದು ಕೊಳವೆ ರಕ್ತ ಕೊಡುವುದು ಅಲ್ಲಿನ ರೂಢಿ; ಕೊಳವೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಕೊಟ್ಟವರಿಗೆ ಬೆಳಗಿನ ಚಹಾದ ಹೊತ್ತಿನಲ್ಲಿ ಕೇಕಿನ ಮೊದಲ ತುಂಡು.

ಚಹಾ ಕೋಣೆಯ ಫ್ರಿಜ್ಜಿಗೆ ಅವನ ಫೋಟೋ ಅಂಟಿಸಿದ್ದರು.

"ಇವನು ನನ್ನ ಜತೆ ಜಗಳ ಆಡಿದ್ದು ಒಂದೇ ಸಲ ಕಣೇ," ಎಂದರು ಫೋಟಿನಿ. "ಆರೋಗ್ಯವಂತರ ಗುಂಪಲ್ಲಿ ಒಬ್ಬಳ ರಕ್ತ ಥೇಟ್ ರೋಗಿಯದ್ದೇ. ಮತ್ತೆ ಮತ್ತೆ ನೋಡಿದ್ವಿ, ಅದೇ. ಇವನು ಮಾತ್ರ, ಆ ಕೊಳವೆ ಕೆಟ್ಟಿದೆ, ಲೆಕ್ಕದಿಂದ ತೆಗೀರಿ ಅಂತ ಪಟ್ಟು ಹಿಡಿದ. ಕೊನೆಗೆ ನಾನೇ ಸೋತೆ. ಕೆಡದೆ ಇನ್ನೇನು? ಭಾನುವಾರ ಎಲ್ಲೋ ತೆಗೆದು, ಬಿಯರ್ ತಣ್ಣಗಿಡೋ ಎಸ್ಕಿ ಪೆಟ್ಟಿಗೆಯಲ್ಲಿ ಹಾಕ್ಕೊಂಡು ಬಂದಿದ್ದ, ಪುಣ್ಯಾತ್ಮ!"

ಎಲ್ಲರೂ ನಕ್ಕರು. ನಾನು ಕೇಕು ಕತ್ತರಿಸುತ್ತಿದ್ದೆ.

ಆ ಭಾನುವಾರ ಅಡುಗೆಮನೆಯ ಮೇಜಿನ ಬಳಿ ಕೂರಿಸಿ ಅವನು ನನ್ನ ತೋಳಿಗೆ ಪಟ್ಟಿ ಕಟ್ಟಿದ್ದ. ಮೂರು ಪ್ರಶ್ನೆ ಕೇಳಬೇಕಿತ್ತು.

"ಮುಟ್ಟಿನಲ್ಲಿ ನೋವು?"

"ನಿನಗೇ ಗೊತ್ತಲ್ಲ."

"ಅದು ಎಲ್ಲ ಹೆಂಗಸರಿಗೂ ಇರೋದೇ. ಇಲ್ಲ ಅಂತ ಬರ್ಕೊಳ್ತೀನಿ. ಆರೋಗ್ಯವಂತರ ಗುಂಪಿಗೆ ಒಬ್ಬರು ಕಡಿಮೆ ಬಿದ್ದಿದಾರೆ ಕಣೆ," ಎಂದು ನಕ್ಕ. ಉಳಿದ ಎರಡನ್ನು ಕೇಳಲೇ ಇಲ್ಲ.

ಅಷ್ಟೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ನನ್ನ ರಕ್ತ ಏನು ಹೇಳಿತೆಂದು ಆಮೇಲೆ ಅವನಿಗೆ ತಿಳಿದಿತ್ತು. ತಿಳಿದ ಮೇಲೂ, ಬಚ್ಚಲಿನ ನೆಲದ ಮೇಲೆ ಮುದುಡಿ ಬಿದ್ದ ನನಗೆ ಬಿಸಿನೀರಿನ ಚೀಲ ತಂದುಕೊಡುತ್ತಿದ್ದ. ತಲೆ ಸವರುತ್ತಿದ್ದ. ಮಗುವಾಗಲಿಲ್ಲವೆಂದು ಅತ್ತರೆ, "ನೀನು ತುಂಬ ಯೋಚಿಸ್ತೀಯ, ಅದಕ್ಕೇ," ಎನ್ನುತ್ತಿದ್ದ. ಜೀವಶಾಸ್ತ್ರ ಓದಿದ ನಾನು ಅದನ್ನೂ ನಂಬಿದೆ.

ಉಳಿದವರು ಕೆಲಸಕ್ಕೆ ಹೋದರು. ಫೋಟಿನಿ ತಟ್ಟೆ ತೊಳೆಯುತ್ತಿದ್ದರು.

"ಆ ಎಸ್ಕಿ ನಮ್ಮನೇದು. ರಕ್ತ ನಂದು."

ಅವರು ನಲ್ಲಿ ನಿಲ್ಲಿಸಿದರು. "ಕೊಟ್ಟವಳಿಗೆ ಹೇಳಿದೀನಿ, ಡಾಕ್ಟರ್ ಹತ್ರ ಹೋಗ್ತಾಳೆ ಅಂತ ಅವನು ಅಂದಿದ್ನಲ್ಲೇ!"

"ನನಗೆ ಹೇಳ್ಲಿಲ್ಲ."

"ದೇವರ ತಾಯೇ... ನಾನು ಅವನ ಮಾತು ನಂಬಿದೆ ಪುಟ್ಟಿ."

"ನಾನೂ."

ಅವರು ಕೈಯಲ್ಲಿದ್ದ ತಟ್ಟೆ ಪಕ್ಕಕ್ಕಿಟ್ಟರು. "ಈ ಮಾತು ಎತ್ತಿದ್ರೆ ಸೋಮವಾರ ಲೇಖನ ಹೋಗಲ್ಲ. ಮೊದಲಿಂದ ಲೆಕ್ಕ ಹಾಕ್ಬೇಕು. ಯಾಕೆ ಅಂತಲೂ ಹೇಳ್ಬೇಕು. ಸತ್ತವನ ಹೆಸರಿಗೆ ಮಸಿ. ನನಗೂ ತಪ್ಪಿದ್ದಲ್ಲ ಬಿಡು. ಆದ್ರೆ ಇದು ನಿನ್ನ ರಕ್ತ. ನೀನು ಹೇಳು."

ಫೋಟೋದಲ್ಲಿ ಅವನು ಹೆಲ್ಮೆಟ್ ಹಾಕಿಕೊಂಡು ನಗುತ್ತಿದ್ದ. ಅವನನ್ನು ಒಂದು ಮಾತು ಕೇಳಬೇಕಿತ್ತು. ಕೇಳುವಂತಿರಲಿಲ್ಲ.

"ತೆಗೆದದ್ದನ್ನ ಲೆಕ್ಕಕ್ಕೆ ವಾಪಸ್ ಸೇರಿಸಿ," ಎಂದೆ. "ನನಗೂ ಕ್ಯಾಮರಾ ಹಾಕಿ ನೋಡ್ಲಿ."

ಫೋಟಿನಿ ಕೈ ಒರೆಸಿಕೊಂಡು ನನ್ನೆದುರು ಕುಳಿತರು.

"ಸರಿ. ಕೇಳಬೇಕಾದ್ದನ್ನ ನಾನೇ ಕೇಳ್ತೀನಿ. ಮುಟ್ಟಿನಲ್ಲಿ ನೋವಿದೆಯಾ?"

"ಇದೆ."

"ಅದಕ್ಕೆ ಕೆಲಸಕ್ಕೆ ರಜೆ ಹಾಕಿದ್ದು ಉಂಟಾ?"

"ಉಂಟು."

"ಯಾರಿಗಾದ್ರೂ ಹೇಳಿದ್ದೆಯಾ?"

"ಕೀರನ್‌ಗೆ."